ಅದೇ ಮಸಾಲೆ, ಆದರೆ ಈ ಕಾಡು ಬಾತುಕೋಳಿಗೆ ಮೀನಿನ ವಾಸನೆ ಯಾಕೆ?

ಬಾಲ್ಟಿಮೋರ್ ಅಡುಗೆಮನೆ:
ಪಕ್ಕದ ಮನೆಯವರು ಬೇಟೆಗೆ ಹೋಗುತ್ತಾರೆ. ಚಳಿಗಾಲದಲ್ಲಿ ನಮಗೂ ಬಾತುಕೋಳಿ ಕೊಡುತ್ತಾರೆ. ಮೊದಲು ಕೊಟ್ಟದ್ದನ್ನು ನಮ್ಮ ಕೊಡಗಿನ ಪಂದಿ ಕರಿ ಥರ ಕರಿಮೆಣಸು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಮಾಡಿದೆ. ತುಂಬಾ ಚೆನ್ನಾಗಿತ್ತು. ಈ ಸಲವೂ ಅದೇ ಮಸಾಲೆ. ಆದರೆ ಒಲೆ ಮೇಲಿಟ್ಟ ಕೂಡಲೇ ಕೆಸರು, ಮೀನಿನ ವಾಸನೆ. ಮಾಂಸ ಕೆಟ್ಟಿತ್ತಾ? ಇನ್ನೊಂದು ಫ್ರೀಜರ್‌ನಲ್ಲಿದೆ, ಏನು ಮಾಡಲಿ?

ಕೊಲ್ಲಿ ತೀರದವ:
ಲೋಳೆ, ಕೊಳೆತ ವಾಸನೆ ಇರಲಿಲ್ಲ ಅಂದರೆ ಕೆಟ್ಟಿರಲಿಕ್ಕಿಲ್ಲ. ಅದು ಏನು ತಿಂದಿತ್ತು ಅನ್ನೋದೇ ಮುಖ್ಯ. ಬಾತು ತಿಂದ ಎಣ್ಣೆಯಂಶ ಹೆಚ್ಚುಕಮ್ಮಿ ಹಾಗೇ ಹೋಗಿ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕೂರುತ್ತದೆ. ಮುಸುಕಿನ ಜೋಳದ ಹೊಲದಲ್ಲಿ ಮೇದ ಮಲ್ಲಾರ್ಡ್ ಅನ್ನೋ ಕಾಡು ಬಾತಿನ ಕೊಬ್ಬು ಘಮ್ಮೆನ್ನುತ್ತದೆ. ಮೀನು, ಚಿಪ್ಪುಜೀವಿ ತಿಂದದ್ದರ ಕೊಬ್ಬು ಬಿಸಿ ತಾಗಿದರೆ ಸಾಕು, ವಾಸನೆ ಏಳುತ್ತದೆ.

ಇದಕ್ಕೆ ನಿಮ್ಮ ಊರಿನ ಪಕ್ಕದ ಚೆಸಪೀಕ್ ಕೊಲ್ಲಿಯೇ ಸಾಕ್ಷಿ. ಕ್ಯಾನ್ವಾಸ್‌ಬ್ಯಾಕ್ ಅಂತ ಒಂದು ಬಾತು ಇದೆ. ಗಂಡಿಗೆ ಕೆಂಗಂದು ತಲೆ, ಬಿಳಿ ಬೆನ್ನು. ಸಸ್ಕ್ವೆಹಾನಾ ನದಿ ಕೊಲ್ಲಿಗೆ ಸೇರುವ ಕಡೆ ನೀರಿನಡಿ ವೈಲ್ಡ್ ಸೆಲೆರಿ ಅನ್ನೋ ಹುಲ್ಲು ದಟ್ಟವಾಗಿತ್ತು. ಈ ಬಾತುಗಳು ಮುಳುಗಿ ಅದರ ಗಡ್ಡೆ ಕಿತ್ತು ತಿನ್ನುತ್ತಿದ್ದವು. ಆ ರುಚಿಗಾಗಿ 19ನೇ ಶತಮಾನದ ದೊಡ್ಡ ಹೋಟೆಲುಗಳು ಬೇರೆ ಬಾತುಗಳಿಗಿಂತ ಎಷ್ಟೋ ಜಾಸ್ತಿ ದುಡ್ಡು ಕೊಡುತ್ತಿದ್ದವು. ಆಮೇಲೆ ಕೊಲ್ಲಿಯ ನೀರು ಕೊಳಕಾಯಿತು, ಹುಲ್ಲು ಕಮ್ಮಿಯಾಯಿತು. 1972ರ ಆಗ್ನೆಸ್ ಚಂಡಮಾರುತ ಉಳಿದದ್ದರಲ್ಲೂ ಬಹುಪಾಲು ಹಾಳುಮಾಡಿತು. ಬಾತುಗಳು ಸಣ್ಣ ಚಿಪ್ಪುಗಳನ್ನು ತಿನ್ನೋಕೆ ಶುರುಮಾಡಿದವು. ಜಾತಿ ಅದೇ, ಕೊಲ್ಲಿಯೂ ಅದೇ, ಹಳೆಯ ರುಚಿ ಮಾತ್ರ ಹೋಯಿತು. ಒಂದು ಹುಲ್ಲಿನ ಜೊತೆ ಒಂದು ರುಚಿಯೇ ಹೋಯಿತಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈಚೆಗೆ ಅಲ್ಲಿ ಹುಲ್ಲು ಮತ್ತೆ ಹಬ್ಬಿದೆ, ಅದೇ ಸಮಾಧಾನ.

ಬೇಟೆಯ ಬಾತನ್ನು ಕೊಡುವವರ ಅಥವಾ ತಗೊಳ್ಳುವವರ ಮನೆಯಲ್ಲಲ್ಲದೆ ಬೇರೆ ಕಡೆ ಉಡುಗೊರೆ ಕೊಡುವಾಗ ಚೀಟಿ ಕಟ್ಟಿರಬೇಕು ಅಂತ ಇಲ್ಲಿ ಕಾನೂನಿದೆ. ಜಾತಿಯ ಹೆಸರು ಅದರಲ್ಲೇ ಇರುತ್ತದೆ. ನಿಮ್ಮದಕ್ಕೂ ಚೀಟಿ ಇದ್ದರೆ ನೋಡಿ ಹೇಳಿ.

ವಿಸ್ಕಾನ್ಸಿನ್ ಕನ್ನಡಿಗ:
ಸಾರ್, ಜಿಂಕೆಗೂ ಹೀಗೇನಾ? ಇಲ್ಲಿ ಜೋಳದ ಹೊಲದ ಜಿಂಕೆಯೇ ರುಚಿ ಅಂತಾರೆ.

ಕೊಲ್ಲಿ ತೀರದವ:
ಸ್ವಲ್ಪ ಮಟ್ಟಿಗೆ ಹೌದು. ಆದರೆ ಜಿಂಕೆ ಮೆಲುಕು ಹಾಕುವ ಪ್ರಾಣಿ. ತಿಂದ ಎಣ್ಣೆಯಂಶವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ಮೊದಲೇ ಬದಲಿಸಿಬಿಡುತ್ತವೆ. ಅದಕ್ಕೇ ಅದರ ಕೊಬ್ಬು ಗಟ್ಟಿ. ಆರಿದರೆ ಮೇಣದ ಹಾಗೆ ಅಂಗುಳಿಗೆ ಅಂಟುತ್ತದೆ. ಯಾವ ಕಡೆಯ ಜಿಂಕೆಯಾದರೂ ಬಿಳಿ ಕೊಬ್ಬನ್ನು ಪೂರ್ತಿ ಕೆರೆದು ತೆಗೆಯಿರಿ. ಹೊಡೆದ ಮೇಲೆ ಬೇಗ ಕರುಳು ತೆಗೆದು ತಣ್ಣಗೆ ಮಾಡದಿದ್ದರೆ ಏನು ಮೇದಿದ್ದರೂ ಮಾಂಸ ಕೆಡುತ್ತದೆ.

ಬಾಲ್ಟಿಮೋರ್ ಅಡುಗೆಮನೆ:
ಚೀಟಿ ಸಿಕ್ಕಿತು. ಈ ಸಲ ಮಾಡಿದ್ದು, ಫ್ರೀಜರ್‌ನಲ್ಲಿರೋದು, ಎರಡೂ ಬಫಲ್‌ಹೆಡ್ ಅಂತೆ.

ಕೊಲ್ಲಿ ತೀರದವ:
ಸರಿ ಹೋಯಿತು. ಅದು ಕೊಲ್ಲಿಯಲ್ಲಿ ಮುಳುಗಿ ಚಿಪ್ಪು, ಸಿಗಡಿಯಂಥದ್ದನ್ನು ತಿನ್ನೋ ಬಾತು. ಫ್ರೀಜರ್‌ನಲ್ಲಿರೋದನ್ನು ಚರ್ಮದ ಸಮೇತ ಬೇಯಿಸಬೇಡಿ. ಚರ್ಮ ಸುಲಿಯಿರಿ, ಹಳದಿ ಕೊಬ್ಬು ಒಂಚೂರೂ ಉಳಿಯಬಾರದು. ಎದೆ ಮಾಂಸ ಮಾತ್ರ ತೆಳ್ಳಗೆ ಹೆಚ್ಚಿ, ಕೊಬ್ಬರಿ ಎಣ್ಣೆಯಲ್ಲಿ ಕರಿಮೆಣಸು ಹಾಕಿ ಹುರಿಯಿರಿ. ಕಾಚಂಪುಳಿ ಕೊನೆಗೆ. ಹೆಚ್ಚುವ ಮೊದಲು ಬೆರಳಿಂದ ತಡವಿ ಗುಂಡಿನ ಚೂರು ತೆಗೆಯಿರಿ. ಉಕ್ಕಿನದಾದರೆ ಹಲ್ಲೇ ಮುರಿಯುತ್ತದೆ.