ಸಹಾಯ ಬೇಕು: ಮಿದುಳಿನ ಹೆಪ್ಪು ತೆಗೆಯುವ ವಿಧಾನಗಳ ಬಗ್ಗೆ

ನಮಸ್ಕಾರ. ಕೊಪ್ಪಳದಲ್ಲಿ ಶುಶ್ರೂಷಕಿಯಾಗಿದ್ದೇನೆ, ಸಹೋದ್ಯೋಗಿಗಳಿಗಾಗಿ ಪಾರ್ಶ್ವವಾಯು ಚಿಕಿತ್ಸೆಯ ಪಾಠ ಸಿದ್ಧಪಡಿಸುತ್ತಿದ್ದೇನೆ. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಾಗ, ಸಾಮಾನ್ಯವಾಗಿ ತೊಡೆಸಂದಿಯಿಂದ ಕೊಳವೆ ತೂರಿಸಿ, ಹೆಪ್ಪನ್ನು ಸ್ಟೆಂಟ್ ರಿಟ್ರೀವರ್ ಎಂಬ ಬಲೆಯಲ್ಲಿ ಸಿಕ್ಕಿಸಿ ಎಳೆಯುತ್ತಾರೆ, ಇಲ್ಲವೇ ನೇರವಾಗಿ ಹೀರಿ ತೆಗೆಯುತ್ತಾರೆ. ಎರಡನ್ನೂ ಕೂಡಿಸಿ ಬಳಸುವವರೂ ಇದ್ದಾರೆ. 2017ರ ಆಸ್ಟರ್, 2019ರ ಕಂಪಾಸ್ ಅಧ್ಯಯನಗಳಲ್ಲಿ ಮೊದಲೆರಡು ವಿಧಾನಗಳ ಫಲಿತಾಂಶ ಹೆಚ್ಚುಕಡಿಮೆ ಸಮನಾಗಿಯೇ ಇತ್ತು.

ಹಾಗಾದರೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ವೈದ್ಯರು ಹೇಗೆ ನಿರ್ಧರಿಸುತ್ತಾರೆ? ಹೆಪ್ಪಿನ ಉದ್ದವೋ, ರಕ್ತನಾಳದ ಅಂಕುಡೊಂಕೋ, ಸಾಧನದ ಬೆಲೆಯೋ? ಈ ಕೆಲಸ ಕಣ್ಣಾರೆ ಕಂಡವರು ಉತ್ತರಿಸಿದರೆ ಒಳ್ಳೆಯದು. ಪುಸ್ತಕದ ಮಾತು ನನ್ನಲ್ಲೇ ಸಾಕಷ್ಟಿದೆ.

ನಮ್ಮ ಕಡೆ ಸಾಧನಕ್ಕಿಂತ ದಾರಿಯ ದೂರವೇ ದೊಡ್ಡ ಚಿಂತೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೇ ಸಾಮಾನ್ಯವಾಗಿ 4.5 ಗಂಟೆಗಳ ಗಡುವು. ಬಳ್ಳಾರಿ, ರಾಯಚೂರಿನಲ್ಲಿ ರಾತ್ರಿಯೂ ಹೆಪ್ಪು ತೆಗೆಯುವ ಆಸ್ಪತ್ರೆ ಇದ್ದರೆ ದಯವಿಟ್ಟು ತಿಳಿಸಿ. ರೋಗಿಗಳ ಹೆಸರು, ಸ್ಕ್ಯಾನ್ ಚಿತ್ರ ಮಾತ್ರ ಹಾಕಬೇಡಿ.