ಕಷ್ಟದಲ್ಲಿ ರಕ್ಷಣೆಯ ನಿಶ್ಚಯ ಹೇಗೆ ಉಳಿಸಿಕೊಂಡಿರಿ? ಅನುಭವ ಇದ್ದವರು ಹೇಳಿ

ಹಾಸನದಿಂದ ಒಬ್ಬ ಸಹೋದರಿ ಕೇಳಿದ್ದು

ಎಲ್ಲರಿಗೂ ಯೇಸುವಿನ ಹೆಸರಿನಲ್ಲಿ ವಂದನೆಗಳು. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೆಟ್ಟು ಹನ್ನೊಂದು ತಿಂಗಳಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಡವೆ ಎಲ್ಲ ಅಡವಿಟ್ಟಾಯಿತು. ಇದನ್ನೆಲ್ಲ ಹೇಗೋ ತಡೆದುಕೊಂಡಿದ್ದೆ. ಕಳೆದ ತಿಂಗಳು ಪ್ರಾರ್ಥನಾ ಕೂಟದಲ್ಲಿ ಒಬ್ಬರು, "ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯಾ, ಪರೀಕ್ಷೆ ಮಾಡಿಕೊಳ್ಳಿ" ಅಂದರು. ಅವತ್ತಿನಿಂದ ನಿದ್ದೆ ಇಲ್ಲ. ಇಪ್ಪತ್ತು ವರ್ಷದಿಂದ ವಿಶ್ವಾಸಿ ನಾನು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿದವಳು. ಈಗ ಮೊಣಕಾಲೂರಿದರೆ ಮಾತೇ ಬರುವುದಿಲ್ಲ. ನನಗೆ ನಿಜವಾಗಿ ರಕ್ಷಣೆ ಆಗಿತ್ತಾ, ಅಂದರೆ ದೇವರು ಪಾಪ ಕ್ಷಮಿಸಿ ನನ್ನನ್ನು ತನ್ನವಳನ್ನಾಗಿ ಮಾಡಿಕೊಂಡಿದ್ದರಾ, ಇಲ್ಲ ಸುಮ್ನೆ ಹಾಗೆ ಅಂದುಕೊಂಡಿದ್ದೆನಾ? ದಯವಿಟ್ಟು ಬರೀ ಬೈಬಲ್ ವಚನ ಕಳಿಸಬೇಡಿ. ನಿಮಗೆ ಏನಾಯಿತು, ಅದನ್ನು ಹೇಳಿ.

ಧಾರವಾಡದಿಂದ, ನಿವೃತ್ತ ನರ್ಸ್

ತಂಗಿ, ನನ್ನ ಮಗ ಹತ್ತೊಂಬತ್ತನೇ ವಯಸ್ಸಿಗೆ ಬೈಕ್ ಅಪಘಾತದಲ್ಲಿ ತೀರಿಕೊಂಡ. ಮಣ್ಣಿಗೆ ಬಂದವರಲ್ಲಿ ಮುಕ್ಕಾಲು ಜನ "ದೇವರ ಚಿತ್ತ" ಅಂದು ಹೋದರು. ಆಮೇಲೆ ಎಂಟು ತಿಂಗಳು ನನ್ನ ಬಾಯಿಂದ ಪ್ರಾರ್ಥನೆ ಬರಲಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಅಷ್ಟೇ. ಹಾಡು ಶುರುವಾದರೆ ಗಂಟಲು ಕಟ್ಟುತ್ತಿತ್ತು.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂರುತ್ತಿದ್ದರು. ಎಂಬತ್ತು ದಾಟಿತ್ತು. ಒಂದು ದಿನ ಹಾಡಿನ ಪುಸ್ತಕ ನನ್ನ ಕೈಗೆ ಕೊಟ್ಟು, "ನೀ ಹಾಡಬ್ಯಾಡ. ನಾ ಹಾಡ್ತೀನಿ. ನೀ ಪುಸ್ತಕ ಹಿಡಿ ಸಾಕು" ಅಂದರು. ಅವರಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಬೆರಳು ಒಂದು ಸಾಲಿನ ಮೇಲೆ, ಹಾಡುತ್ತಿದ್ದದ್ದು ಇನ್ನೊಂದು ಸಾಲು. ಎಲ್ಲ ಬಾಯಿಪಾಠ. ಆ ಎಂಟು ತಿಂಗಳು ನನ್ನ ಪಾಲಿನ ನಂಬಿಕೆಯನ್ನೂ ಅವರೇ ಹೊತ್ತರು ಅಂತ ನಾನು ಈಗಲೂ ಹೇಳುತ್ತೇನೆ.

ಮಾತು ಬರದಿದ್ದರೆ ಬೈಬಲಿನ 88ನೇ ಕೀರ್ತನೆ ಓದು. ಅಳುತ್ತಾ ಶುರುವಾಗುವ ಬೇರೆ ಕೀರ್ತನೆಗಳು ಹೆಚ್ಚಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ. ಇದು ಹಾಗಲ್ಲ. ಕೊನೆಯ ಮಾತೂ ಕತ್ತಲೆಯೇ. ಆದರೂ ಅದು ಸತ್ಯವೇದದಲ್ಲಿದೆ, ಯಾರೂ ತೆಗೆದುಹಾಕಲಿಲ್ಲ. ನಿನ್ನಂಥವಳು ಬರುತ್ತಾಳೆ ಅಂತಲೇ ಇಟ್ಟಿರಬೇಕು.

ಇನ್ನೊಂದು ಮಾತು. ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೆ. ಎಚ್ಚರ ಇಲ್ಲದ ರೋಗಿಗಳ ಕೈ ಎಷ್ಟು ರಾತ್ರಿ ಹಿಡಿದು ಕೂತಿದ್ದೇನೋ ಲೆಕ್ಕವಿಲ್ಲ. ಅವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ಹಾಗಂತ ನಾನು ಹಿಡಿದದ್ದು ಸುಳ್ಳಾಗುತ್ತದಾ? ತನ್ನವರನ್ನು ಕುರಿಗಳಿಗೆ ಹೋಲಿಸಿ, "ನನ್ನ ಕೈಯಿಂದ ಅವುಗಳನ್ನು ಯಾರೂ ಕಿತ್ತುಕೊಳ್ಳಲಾರರು" ಅಂತ ಯೇಸು ಹೇಳಿದ್ದು ತನ್ನ ಕೈಯ ಬಗ್ಗೆ. ನಮ್ಮ ಕೈಯ ಬಿಗಿಯ ಬಗ್ಗೆ ಅಲ್ಲ.

ಮಲ್ಪೆಯಿಂದ, ಬೋಟಿನಲ್ಲಿ ದುಡಿದವರು

ಅಕ್ಕಾ, ನನಗೆ ಬೋಧನೆ ಮಾಡಲು ಬರುವುದಿಲ್ಲ. ನಡೆದದ್ದು ಹೇಳುತ್ತೇನೆ. ಒಮ್ಮೆ ರಾತ್ರಿ ಸಮುದ್ರದಲ್ಲಿ ಎಂಜಿನ್ ಕೈಕೊಟ್ಟಿತು. ಗಾಳಿ ಜೋರು. ಲಂಗರು ಬಿಟ್ಟೆವು. ನಾನು ಹೊಸಬ, ಹಗ್ಗ ಗಿಡ್ಡ ಇಟ್ಟರೆ ಭದ್ರ ಅಂತ ಅಂದುಕೊಂಡಿದ್ದೆ. ಬೋಟ್ ನಡೆಸುವ ತಾಂಡೇಲರು "ಇನ್ನೂ ಬಿಡು, ಇನ್ನೂ ಬಿಡು" ಅಂದರು. ಗಾಳಿ ಜಾಸ್ತಿ ಆದಷ್ಟೂ ಹಗ್ಗ ಉದ್ದ ಬಿಡಬೇಕು. ಆಗಲೇ ಲಂಗರು ತಳಕ್ಕೆ ಕಚ್ಚಿಕೊಳ್ಳುವುದು. ಬೋಟ್ ಮಾತ್ರ ಬೆಳಗಿನವರೆಗೂ ಕುಣಿಯಿತು. ನಾನು ವಾಂತಿ ಮಾಡಿದೆ, ಅತ್ತೂಬಿಟ್ಟೆ. ತಾಂಡೇಲರು ಆಗಾಗ ಹಗ್ಗದ ಮೇಲೆ ಕೈ ಇಟ್ಟು ನೋಡುತ್ತಿದ್ದರು. ಬಿಗಿಯಾಗಿದೆ, ಹಿಡಿದಿದೆ ಅನ್ನುತ್ತಿದ್ದರು.

ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ನಿರೀಕ್ಷೆಯನ್ನು ಪ್ರಾಣಕ್ಕೆ ಲಂಗರು ಅಂತ ಕರೆದಿದ್ದಾರೆ. ಅದು ಇಳಿದಿರುವುದು ನಮ್ಮೊಳಗಲ್ಲ, ಪರದೆಯ ಆಚೆ, ಅಂದರೆ ದೇವರ ಸನ್ನಿಧಿಯಲ್ಲಿ, ಯೇಸು ಮುಂದಾಗಿ ಹೋಗಿರುವ ಕಡೆ. ಬೋಟಿನೊಳಗೇ ಇಟ್ಟುಕೊಂಡ ಲಂಗರು ಯಾರನ್ನೂ ಉಳಿಸುವುದಿಲ್ಲ. ನಾನು ಸಾಲದಲ್ಲಿ ಮುಳುಗಿ, ಜೂನ್ ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲದೆ ಕೂತಾಗ, ನನ್ನೊಳಗೆ ನಂಬಿಕೆ ಎಷ್ಟಿದೆ ಅಂತ ದಿನಾ ಅಳೆಯುತ್ತಿದ್ದೆ. ಅಳೆದಷ್ಟೂ ಕಡಿಮೆಯೇ ಕಂಡಿತು. ನಿಮ್ಮ ಹೃದಯ ಕುಣಿಯುತ್ತಿದೆ ಅಂದರೆ ಲಂಗರು ಕಿತ್ತಿದೆ ಅಂತಲ್ಲ. ನೀವು ರಾತ್ರಿಯೆಲ್ಲ ಎದ್ದು ಈ ಪ್ರಶ್ನೆ ಕೇಳುತ್ತಿದ್ದೀರಲ್ಲ, ಅದೇ ಹಗ್ಗದ ಬಿಗಿ.

ಕೋಲಾರದಿಂದ ಒಬ್ಬ ಸಭಾಪಾಲಕ

ಮೊದಲು, ಕೂಟದಲ್ಲಿ ಆ ಮಾತು ಆಡಿದವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಸಿಸ್ಟರ್. ಹುಟ್ಟು ಕುರುಡನನ್ನು ಕಂಡು ಯೇಸುವಿನ ಶಿಷ್ಯರೂ ಅದನ್ನೇ ಕೇಳಿದ್ದರು. ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂತ. ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸು. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು.

ಐಗುಪ್ತದಲ್ಲಿ ಚೊಚ್ಚಲ ಮಕ್ಕಳು ಸತ್ತ ಪಸ್ಕದ ರಾತ್ರಿಯನ್ನು ನೆನೆಸಿಕೊಳ್ಳಿ. ದೇವರ ಮಾತಿನಂತೆ ಬಾಗಿಲಿಗೆ ಕುರಿಮರಿಯ ರಕ್ತ ಹಚ್ಚಿದ ಇಸ್ರಾಯೇಲರ ಮನೆಗಳಲ್ಲಿ ಎಲ್ಲರೂ ಧೈರ್ಯವಾಗಿ ಮಲಗಿದ್ದರು ಅಂತ ಎಲ್ಲೂ ಬರೆದಿಲ್ಲ. ಯಾವುದೋ ಮನೆಯಲ್ಲಿ ಒಬ್ಬ ತಾಯಿ ಚೊಚ್ಚಲ ಮಗನನ್ನು ಅಪ್ಪಿಕೊಂಡು ನಡುಗುತ್ತಾ ಕೂತಿದ್ದಿರಬಹುದು. ಆ ಮನೆಯೂ ಉಳಿಯಿತು. ರಕ್ತ ಕಂಡಾಗ ದಾಟಿ ಹೋಗುತ್ತೇನೆ ಅಂದರು ದೇವರು. ಒಳಗಿರುವವರ ಧೈರ್ಯ ಕಂಡಾಗ ಅನ್ನಲಿಲ್ಲ. ನಿಮ್ಮ ರಕ್ಷಣೆಯ ನಿಶ್ಚಯವೂ ಕ್ರಿಸ್ತ ಮಾಡಿ ಮುಗಿಸಿದ್ದರ ಮೇಲೆ ನಿಂತಿದೆ.

ಬೆಂಗಳೂರಿನಿಂದ, ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವ ಸಹೋದರ

ನನಗೂ ಇದೇ ಭಯ ಬಂದಿತ್ತು. ದೇವರು ತನ್ನವರ ಪಟ್ಟಿಯಿಂದ ನನ್ನ ಹೆಸರು ಅಳಿಸಿಬಿಟ್ಟಿದ್ದಾರೆ ಅಂತ ಮೂರು ತಿಂಗಳು ನಂಬಿದ್ದೆ. ಆಗ ನನಗೆ ಆಸರೆಯಾದದ್ದು ವಿಲಿಯಂ ಕೂಪರ್ ಅನ್ನುವ ಇಂಗ್ಲಿಷ್ ಕವಿಯ ಬದುಕು. 1773ರಲ್ಲಿ ಅವರ ಮನಸ್ಸಿನ ಕಾಯಿಲೆ ಮರುಕಳಿಸಿತು. ದೇವರು ತನ್ನನ್ನು ತಳ್ಳಿಬಿಟ್ಟರು ಅಂತ ಅವರಿಗೆ ಗಟ್ಟಿಯಾಗಿ ಅನಿಸಿತು. 1800ರಲ್ಲಿ ತೀರಿಕೊಳ್ಳುವವರೆಗೂ ಆ ಭಯ ಪೂರ್ತಿ ಬಿಡಲಿಲ್ಲ. ಆದರೆ ಅವರ ಹಾಡುಗಳನ್ನು ಇವತ್ತಿಗೂ ಸಭೆಗಳಲ್ಲಿ ಹಾಡುತ್ತಾರೆ. ಅವರ ಗೆಳೆಯ ಜಾನ್ ನ್ಯೂಟನ್, ಒಂದು ಕಾಲದಲ್ಲಿ ಗುಲಾಮರನ್ನು ಸಾಗಿಸುವ ಹಡಗು ನಡೆಸಿ ಆಮೇಲೆ ಸಭಾಪಾಲಕರಾದವರು, ಕೂಪರ್ ಅವರನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಕೂಪರ್ ದೇವರ ಮಗುವೇ ಅಂತ ನನಗೆ ಸಂಶಯವಿಲ್ಲ. ಅವರಿಗೇ ಅದು ಅನಿಸದೇ ಇದ್ದರೂ. ನಮ್ಮ ಹೃದಯ ನಮ್ಮನ್ನು ತಪ್ಪಿತಸ್ಥರೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು ಅಂತ ಬೈಬಲಿನಲ್ಲಿ ಯೋಹಾನ ಬರೆದದ್ದು ಇಂಥವರಿಗೇ ಅಲ್ವಾ?

ಸಿಸ್ಟರ್, ಒಂದು ತಿಂಗಳು ನಿದ್ದೆ ಇಲ್ಲ ಅಂದಿರಿ. ಡಾಕ್ಟರಿಗೆ ಹೇಳಿ. ಮನಸ್ಸು ದಣಿದರೆ ಅದು ನಂಬಿಕೆಯ ಕೊರತೆ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಮಾತ್ರೆ ತೆಗೆದುಕೊಂಡು ನಿದ್ದೆ ಬರಲು ಶುರುವಾದ ಮೇಲೆ ನನಗೆ ಪ್ರಾರ್ಥನೆಯೂ ಬಂತು.

ಮಂಗಳೂರಿನವಳು, ಈಗ ಕುವೈತಿನಲ್ಲಿ

ನಾನು ಕಥೋಲಿಕಳು. "ನನಗೆ ರಕ್ಷಣೆ ಆಗಿದೆ" ಅನ್ನುವ ಮಾತು ನಮ್ಮಲ್ಲಿ ರೂಢಿಯಲ್ಲಿಲ್ಲ. ಕೊನೆಯವರೆಗೂ ನಿಲ್ಲುತ್ತೇನೆ ಅಂತ ಯಾರೂ ತಮ್ಮ ಬಗ್ಗೆ ಖಂಡಿತ ಹೇಳಬಾರದು ಅಂತ 16ನೇ ಶತಮಾನದಲ್ಲಿ ನಮ್ಮ ಧರ್ಮಾಧ್ಯಕ್ಷರು ಸೇರಿದ್ದ ಟ್ರೆಂಟ್ ಮಹಾಸಭೆಯ ಬೋಧನೆ. ಆದರೆ ದೇವರ ಸಹಾಯದ ಮೇಲೆ ಗಟ್ಟಿಯಾದ ಭರವಸೆ ಇಡಲೇಬೇಕು ಅಂತಲೂ ಅಲ್ಲೇ ಇದೆ. ಅಮ್ಮನಿಗೆ ಕ್ಯಾನ್ಸರ್ ಆದಾಗ ಇಲ್ಲಿಂದ ಫೋನಿನಲ್ಲಿ ಜಪಮಾಲೆ ಹೇಳುತ್ತಿದ್ದೆ. ಅರ್ಧಕ್ಕೇ ಅಮ್ಮ ನಿದ್ದೆ ಹೋಗುತ್ತಿದ್ದರು. ನಾನು ಫೋನ್ ಇಡದೆ ಅವರ ಉಸಿರು ಕೇಳುತ್ತಾ ಪೂರ್ತಿ ಹೇಳಿ ಮುಗಿಸುತ್ತಿದ್ದೆ. ಅಮ್ಮ ನಿದ್ದೆ ಮಾಡಿದ್ದಕ್ಕೆ ಆ ಪ್ರಾರ್ಥನೆ ಅಮ್ಮನದಲ್ಲ ಅಂತ ನನಗೆ ಒಮ್ಮೆಯೂ ಅನಿಸಲಿಲ್ಲ. ಇವತ್ತು ರಾತ್ರಿ ನಿಮ್ಮ ಹೆಸರಿನಲ್ಲೂ ಹೇಳುತ್ತೇನೆ ಅಕ್ಕ.

ಹಾಸನದಿಂದಲೇ, ಇನ್ನೊಬ್ಬ ಸಹೋದರಿ

ಅಕ್ಕಾ, ನಾನೂ ಹಾಸನದವಳೇ. ನಮ್ಮ ತಂದೆಗೆ ಎರಡು ವರ್ಷ ಡಯಾಲಿಸಿಸ್ ಆಗಿತ್ತು. ಒಳಗೆ ಮೆಷಿನ್ ಓಡುತ್ತಿರುವಾಗ ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಟೆ ಒಬ್ಬಳೇ ಕೂರುವುದು ಏನು ಅಂತ ನನಗೆ ಗೊತ್ತು. ತಲೆಗೆ ಎಲ್ಲ ಯೋಚನೆ ಬರುವುದು ಆಗಲೇ. ನಿಮ್ಮ ಸರದಿ ಯಾವ ಯಾವ ದಿನ ಅಂತ ಹೇಳಿ. ನಾನು ಬಂದು ಜೊತೆಗೆ ಕೂರುತ್ತೇನೆ. ಪ್ರಾರ್ಥನೆ ಮಾಡಲೇಬೇಕು ಅಂತೇನಿಲ್ಲ, ಮಾತೂ ಬೇಡ. ನಿಮಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತೇನೆ. ಯಜಮಾನರಿಗೆ ಡಾಕ್ಟರ್ ಏನೇನು ಕೊಡಬಹುದು ಅಂದಿದ್ದಾರೆ, ಅದನ್ನೂ ಬರೆಯಿರಿ. ಉಪ್ಪು ಕಮ್ಮಿ ಹಾಕಿ ಬೇರೆಯೇ ಮಾಡುತ್ತೇನೆ.