ಅಪ್‌ಡೇಟ್: ಇಳಿಜಾರಿನಲ್ಲಿ ಡಾಂಬರಿನ ಮೇಲ್ಪದರ ಜಾರಿದ್ದೇಕೆ?

ಹಳೆಯ ಡಾಂಬರಿನ ಮೇಲೆ ಹೊಸದಾಗಿ ಹಾಕಿದ ಪದರ, ಬಸ್‌ಗಳು ಬ್ರೇಕ್ ಹಾಕುವ ಇಳಿಜಾರಿನಲ್ಲಿ ಮಾತ್ರ ಅರ್ಧಚಂದ್ರಾಕಾರವಾಗಿ ಬಿರಿಯುತ್ತಿದೆ, ಏಕೆ ಎಂದು ಇಲ್ಲಿ ಹಿಂದೆ ಪ್ರಶ್ನೆ ಕೇಳಿದ್ದೆ. ಮಿಶ್ರಣವೇ ಸರಿಯಿಲ್ಲ ಎಂದು ಹಲವರು ಹೇಳಿದ್ದಿರಿ. ಟ್ಯಾಕ್ ಕೋಟ್ (ಹಳೆಯ ಪದರಕ್ಕೆ ಹೊಸದು ಅಂಟಲು ನಡುವೆ ಸಿಂಪಡಿಸುವ ತೆಳು ಲೇಪ) ನೋಡಿ ಎಂದವರ ಮಾತೇ ನಿಜವಾಯಿತು.

ರಸ್ತೆಯನ್ನು ಕೊರೆದು ಕೋರ್ (ಸಿಲಿಂಡರ್ ಆಕಾರದ ಮಾದರಿ) ತೆಗೆಸಿದೆವು. ಮೇಲಿನ 30 ಮಿ.ಮೀ. ಪದರ ಕೈಯಲ್ಲೇ ಕಳಚಿ ಬಂತು. ಅಡಿಯಲ್ಲಿ ಕೆಂಪು ಧೂಳು. ಬಿರುಕೇ ಇಲ್ಲದ ಸಮತಟ್ಟು ಭಾಗದಲ್ಲೂ ಇದೇ ಕಥೆ. ಅಲ್ಲಿ ಚಕ್ರಗಳು ಪದರವನ್ನು ಅಷ್ಟು ತಳ್ಳುವುದಿಲ್ಲ, ಅಷ್ಟೇ.

“ಎಮಲ್ಷನ್ ಸಿಂಪಡಿಸಿದ್ದೇವೆ ಸಾರ್” ಎಂದರು ಗುತ್ತಿಗೆದಾರರ ಮೇಲ್ವಿಚಾರಕರು. ಟ್ಯಾಕ್ ಕೋಟ್‌ಗೆ ಬಳಸುವ, ನೀರಿನಲ್ಲಿ ಬೆರೆತ ಡಾಂಬರೇ ಈ ಎಮಲ್ಷನ್. ಸಿಂಪಡಿಸಿದ್ದು ನಿಜ, ಆದರೆ ಗುಡಿಸದ ಧೂಳಿನ ಮೇಲೆ! ಎಮಲ್ಷನ್‌ನ ಕಂದು ಬಣ್ಣ ಕಪ್ಪಾಗುವ, ಅಂದರೆ ನೀರು ಬೇರ್ಪಟ್ಟು ಡಾಂಬರು ಅಂಟಿಕೊಳ್ಳುವ ಮೊದಲೇ ಟಿಪ್ಪರ್‌ಗಳು ಹರಿದಾಡಿವೆ. ಎಮಲ್ಷನ್ ಚಕ್ರಗಳಿಗೆ ಅಂಟಿಕೊಂಡು ಹೋಗಿದೆ.

ಹಾಗಾದರೆ ದಪ್ಪಗೆ ಸುರಿಯೋಣ ಎಂದರು ಅವರು. ಬೇಡ ಎಂದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ಹಳೆಯ ಡಾಂಬರಿಗೆ ಚದರ ಮೀಟರಿಗೆ 0.20ರಿಂದ 0.30 ಕೆ.ಜಿ. ಎಮಲ್ಷನ್ ಸಾಕು, ಅತಿಯಾದರೆ ಅದೇ ಜಾರುವ ಪದರವಾಗುತ್ತದೆ.

ಇಳಿಜಾರನ್ನು ಕೆರೆದು, ಕಂಪ್ರೆಸರ್ ಗಾಳಿಯಿಂದ ಧೂಳು ತೆಗೆದು, ಯಂತ್ರದಿಂದಲೇ ಸಿಂಪಡಿಸಿ ಮತ್ತೆ ಹಾಕಲು ಗುತ್ತಿಗೆದಾರರು ಒಪ್ಪಿದ್ದಾರೆ. ಸಮತಟ್ಟು ಭಾಗದ ಖರ್ಚು ಯಾರದ್ದೆಂಬ ಜಗಳ ಇನ್ನೂ ನಡೆದಿದೆ.